ಕ್ರಿಸ್‌ಮಸ್‌ಗೆ ಮುನ್ನ ಎಡಗೈಯಲ್ಲಿ ಕೌದಿ ಮುಗಿಯುತ್ತದೆಯೇ?

ಪ್ರಶ್ನೆ: ನನ್ನ ಊರು ಮೂಡುಬಿದಿರೆ ಹತ್ತಿರ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮೊದಲಿನಿಂದಲೂ ಎಡಗೈ ಬಳಸುವವಳು. ಈ ಕ್ರಿಸ್‌ಮಸ್‌ಗೆ ಅಮ್ಮನಿಗೆ ನಾನೇ ಹೊಲಿದ ಕೌದಿಯೊಂದನ್ನು ಕೊಡಬೇಕೆಂದು ಆಸೆ. ಅವರಿಗೆ ಇನ್ನೂ ಹೇಳಿಲ್ಲ. 60 ಇಂಚು ಅಗಲ, 90 ಇಂಚು ಉದ್ದ. ಕೆಂಪು, ಹಸಿರು, ಬಿಳಿ ಹತ್ತಿಬಟ್ಟೆಯ 150 ಚೌಕಗಳು. ಎಲ್ಲವನ್ನೂ ಕತ್ತರಿಯಲ್ಲಿ ಕತ್ತರಿಸಿಟ್ಟಿದ್ದೇನೆ, ಆದರೆ ಅಂಚುಗಳು ಅಗಿದಂತೆ ಕಾಣುತ್ತವೆ. ಎರಡು ಸಾಲು ಜೋಡಿಸಿದೆ, ಒಂದಕ್ಕಿಂತ ಇನ್ನೊಂದು ಇಂಚಿನಷ್ಟು ಉದ್ದ ಬಂತು. ಪರೀಕ್ಷೆಗೆಂದು ಮೂರು ಪದರ ಸೇರಿಸಿ ದಿಂಬಿನ ಕವರ್ ಹೊಲಿದರೆ ಹಿಂಬದಿಯಲ್ಲಿ ನೆರಿಗೆ ಬಿತ್ತು, ಎರಡು ಸಲ ಸೂಜಿ ಮುರಿಯಿತು. ಕೈಯಲ್ಲಿ ಹೊಲಿಯಲು ಕೂತರೆ ದಾರ ಸುತ್ತಿಕೊಂಡು ಗಂಟಾಗುತ್ತದೆ. ಹೆಬ್ಬೆರಳ ಬುಡ ನೋಯುತ್ತದೆ. ನೋಡುವ ವಿಡಿಯೊಗಳೆಲ್ಲ ಬಲಗೈಯವರದ್ದೇ. ‘ಎಡಗೈ ಹೊಲಿಗೆ ಸಡಿಲ, ಹಬ್ಬದ ಉಡುಗೊರೆಗೆ ಅದು ಬೇಡ, ಬಲಗೈ ರೂಢಿ ಮಾಡಿಕೊ’ ಎನ್ನುತ್ತಾರೆ ದೊಡ್ಡಮ್ಮ. ಹೊಸ ಕಂಪ್ಯೂಟರ್ ಮಿಷನ್ ಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ ಅಂಗಡಿಯವರು. ನವೆಂಬರ್ ಅರ್ಧ ಕಳೆದಿದೆ. ಡಿಸೆಂಬರ್ 23ಕ್ಕೆ ಊರಿಗೆ ಹೊರಡಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ತೊಂದರೆಗಳಿವೆ, ಅಷ್ಟನ್ನೂ ಎಡಗೈಯ ಖಾತೆಗೆ ಬರೆದುಬಿಟ್ಟಿದ್ದೀರಿ. ಹೊಲಿಗೆ ಕಲಿಸುವ ಕೆಲಸದಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಬಲಗೈಯವರ ಸೂಜಿ ಮುರಿದರೆ ಸೂಜಿಯನ್ನು ಬೈಯುತ್ತಾರೆ, ಎಡಗೈಯವರ ಸೂಜಿ ಮುರಿದರೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ನೀವು ಹೇಳಿದ್ದರಲ್ಲಿ ಎಡಗೈಗೆ ನಿಜವಾಗಿ ಸಂಬಂಧಿಸಿದ್ದು ಕತ್ತರಿ, ಮತ್ತು ಸ್ವಲ್ಪ ಮಟ್ಟಿಗೆ ದಾರ. ಚೌಕಗಳ ಅಳತೆ ತಪ್ಪಿದ್ದೂ ಬೆರಳು ನೋಯುವುದೂ ಬಹುಪಾಲು ಆ ಕತ್ತರಿಯಿಂದಲೇ ಹುಟ್ಟಿದವು. ನೆರಿಗೆಗೂ ಸೂಜಿ ಮುರಿದದ್ದಕ್ಕೂ ನಿಮ್ಮ ಕೈ ಕಾರಣವಲ್ಲ. ಹೊಸ ಮಿಷನ್ ಸದ್ಯಕ್ಕೆ ಬೇಡ.

ಕತ್ತರಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಬೇರು ಅಲ್ಲಿದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಟೈಲರಿಂಗ್ ಕತ್ತರಿಯ ಎರಡು ಅಲಗುಗಳನ್ನು ಬಲಗೈಗೆ ಹೊಂದುವಂತೆ ಕೂಡಿಸಿರುತ್ತಾರೆ. ಕತ್ತರಿ ಮುಚ್ಚುವಾಗ ನಮ್ಮ ಬೆರಳುಗಳು ಹಿಡಿಯನ್ನು ಬರೀ ಒತ್ತುವುದಿಲ್ಲ. ಹೆಬ್ಬೆರಳು ಒಂದು ಕಡೆಗೆ, ಉಳಿದ ಬೆರಳುಗಳು ಇನ್ನೊಂದು ಕಡೆಗೆ ಸ್ವಲ್ಪ ತಳ್ಳುತ್ತವೆ. ಬಲಗೈಯಲ್ಲಿ ಈ ತಳ್ಳಿಕೆಯಿಂದ ಅಲಗುಗಳು ಒಂದಕ್ಕೊಂದು ಒತ್ತಿಕೊಂಡು ಬಟ್ಟೆ ಕತ್ತರಿಸುತ್ತವೆ. ಅದೇ ಕತ್ತರಿ ಎಡಗೈಗೆ ಬಂದರೆ ಅದೇ ತಳ್ಳಿಕೆ ಅಲಗುಗಳ ನಡುವೆ ಸಂದು ಮಾಡುತ್ತದೆ. ಬಟ್ಟೆ ಆ ಸಂದಿನಲ್ಲಿ ಮಡಚಿಕೊಂಡು ಜಗ್ಗುತ್ತದೆ. ನಿಮ್ಮ ಅಂಚುಗಳು ಅಗಿದಂತೆ ಕಾಣುವುದು ಇದರಿಂದ. ಜೊತೆಗೆ ಮೇಲಿನ ಅಲಗು ನೀವು ಎಳೆದ ಗೆರೆಯನ್ನು ಮುಚ್ಚಿಬಿಡುತ್ತದೆ; ಗೆರೆ ಕಾಣಲೆಂದು ನೀವು ಕತ್ತರಿಯ ಮೇಲಿಂದ ಬಗ್ಗಿ ಆಚೆ ಬದಿಯಿಂದ ಇಣುಕುತ್ತಿರಬೇಕು. ಅಲಗುಗಳನ್ನು ಬಲವಂತವಾಗಿ ಕೂಡಿಸಲು ಹೆಬ್ಬೆರಳನ್ನು ಉಲ್ಟಾ ತಿರುಚುತ್ತೀರಿ. 150 ಚೌಕ, ಚೌಕಕ್ಕೆ ನಾಲ್ಕು ಅಂಚು. ಬೆರಳ ಬುಡ ನೋಯದೆ ಇದ್ದೀತೆ?

ಕತ್ತರಿಯನ್ನು ತಲೆಕೆಳಗು ಮಾಡಿ ಹಿಡಿದರೆ ಸರಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಆಗುವುದಿಲ್ಲ. ಹೇಗೆ ತಿರುಗಿಸಿದರೂ ಬಲಗೈ ಕತ್ತರಿ ಬಲಗೈ ಕತ್ತರಿಯೇ. ‘ಎರಡೂ ಕೈಗೆ ಆಗುತ್ತದೆ’ ಎಂದು ಬರೆದು ಮಾರುವ ಕತ್ತರಿಗಳಲ್ಲಿ ಸಾಮಾನ್ಯವಾಗಿ ಬದಲಾಗಿರುವುದು ಹಿಡಿಯ ಆಕಾರ ಮಾತ್ರ, ಅಲಗಿನ ಜೋಡಣೆ ಹಾಗೆಯೇ ಇರುತ್ತದೆ. ಕೊಳ್ಳುವಾಗ ಕತ್ತರಿಯ ತುದಿಯನ್ನು ಮುಂದಕ್ಕೆ ಮಾಡಿ, ಸ್ವಲ್ಪ ತೆರೆದು ಹಿಡಿದು ನೋಡಿ. ಮೇಲೆ ಬರುವ ಅಲಗು ಎಡಬದಿಗಿದ್ದರೆ ಅದು ನಿಜವಾದ ಎಡಗೈ ಕತ್ತರಿ. ಸಣ್ಣ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಆನ್‌ಲೈನ್‌ನಲ್ಲಿ ತರಿಸಬೇಕಾಗಬಹುದು. ನೂರಕ್ಕೆ ಸುಮಾರು ಹತ್ತು ಮಂದಿ ಎಡಗೈಯವರಿರುವ ಜಗತ್ತಿನಲ್ಲಿ ಒಂದು ಕತ್ತರಿಗೆ ಇಷ್ಟು ಹುಡುಕಾಡಬೇಕಾಗಿರುವುದು ನನಗೆ ಇಂದಿಗೂ ಬೇಸರದ ಸಂಗತಿ. ನಿಮ್ಮ ಹತ್ತಿರ ಖರ್ಚಿಗೆ ಹಣವಿದ್ದರೆ ಅದು ಹೋಗಬೇಕಾದದ್ದು ಮಿಷನ್ನಿಗಲ್ಲ, ಇದಕ್ಕೆ. ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ: ವರ್ಷಗಟ್ಟಲೆ ಬಲಗೈ ಕತ್ತರಿಯನ್ನು ತಿರುಚಿ ಬಳಸಿದವರಿಗೆ ಹೊಸ ಕತ್ತರಿ ಮೊದಲ ಕೆಲವು ದಿನ ಒಗ್ಗುವುದಿಲ್ಲ. ಹೆಬ್ಬೆರಳು ಹಳೆಯ ಚಾಳಿಯಲ್ಲೇ ತಿರುಚುತ್ತದೆ, ಈಗ ಅದೇ ಅಡ್ಡಿಯಾಗುತ್ತದೆ. ಚಿಂದಿ ಬಟ್ಟೆಯ ಮೇಲೆ ಅಭ್ಯಾಸ ಮಾಡಿ ಆಮೇಲೆ ಕೌದಿಯ ಬಟ್ಟೆ ಮುಟ್ಟಿ.

ಚೌಕಗಳಿಗಂತೂ ಕತ್ತರಿಗಿಂತ ರೋಟರಿ ಕಟರ್ ವಾಸಿ. ದುಂಡು ಬ್ಲೇಡಿನ ಈ ಕಟರನ್ನು ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಮಾರುಕಟ್ಟೆಗೆ ತಂದಿತು, ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಪ್ಯಾಚ್‌ವರ್ಕ್ ಮಾಡುವವರ ಕೆಲಸವನ್ನೇ ಅದು ಬದಲಿಸಿತು. 45 ಮಿಲಿಮೀಟರ್ ಬ್ಲೇಡಿನದು ನಿಮಗೆ ಸಾಕು. ಎಡಗೈಯವರು ನೋಡಬೇಕಾದದ್ದು ಬ್ಲೇಡ್ ಹಿಡಿಯ ಯಾವ ಬದಿಗಿದೆ ಎಂಬುದನ್ನು. ಬ್ಲೇಡ್ ಸ್ಕೇಲಿಗೆ ತಾಗಿಕೊಂಡು ಓಡಬೇಕು. ಬಲಗೈಗೆ ಕೂಡಿಸಿದ ಕಟರನ್ನು ನೀವು ಹಿಡಿದರೆ ಬ್ಲೇಡ್ ಆಚೆ ಬದಿಗೆ ಹೋಗಿ ಸ್ಕೇಲಿನಿಂದ ದೂರ ಸರಿಯುತ್ತದೆ. ಹಲವು ಕಟರ್‌ಗಳಲ್ಲಿ ತಿರುಪು ಬಿಚ್ಚಿ ಬ್ಲೇಡನ್ನು ಇನ್ನೊಂದು ಬದಿಗೆ ಕೂಡಿಸಬಹುದು. ಆ ಸೌಲಭ್ಯವಿದೆಯೇ ಎಂದು ಕೇಳಿಯೇ ಕೊಳ್ಳಿ.

ಬಟ್ಟೆ ಹಾಸುವ ಕ್ರಮವನ್ನೂ ಅದಲುಬದಲು ಮಾಡಬೇಕು. ವಿಡಿಯೊದಲ್ಲಿ ಬಟ್ಟೆಯ ದೊಡ್ಡ ಭಾಗ ಬಲಕ್ಕಿದ್ದು, ಸ್ಕೇಲ್ ಎಡಕ್ಕಿರುತ್ತದೆ. ನೀವು ದೊಡ್ಡ ಭಾಗವನ್ನು ಎಡಕ್ಕೆ ಬಿಡಿ, ನೇರ ಮಾಡಿದ ಅಂಚು ಬಲಕ್ಕಿರಲಿ, ಅದರ ಮೇಲೆ ಸ್ಕೇಲನ್ನು ಬಲಗೈಯಿಂದ ಒತ್ತಿ ಹಿಡಿದು ಸ್ಕೇಲಿನ ಎಡ ಅಂಚಿಗೆ ಕಟರ್ ಓಡಿಸಿ. ಅಂಕಿಗಳನ್ನು ಬಲದಿಂದ ಓದಬೇಕಾಗುತ್ತದೆ. ಎರಡೂ ಬದಿಯಿಂದ ಅಂಕಿ ಅಚ್ಚಾದ ಪಾರದರ್ಶಕ ಸ್ಕೇಲ್ ಸಿಗುತ್ತದೆ, ಅದನ್ನೇ ತನ್ನಿ. ಕಟರನ್ನು ಯಾವಾಗಲೂ ಮೈಯಿಂದ ಆಚೆಗೆ ತಳ್ಳಿ. ಒಂದು ಗೆರೆ ಮುಗಿದ ಕೂಡಲೇ ಮುಚ್ಚಳ ಹಾಕಿ, ಮುಂದಿನ ಗೆರೆಗೆ ಒಂದೇ ನಿಮಿಷವಿದ್ದರೂ ಹಾಕಿ. ಹಬ್ಬದ ಮನೆಯಲ್ಲಿ ಮಕ್ಕಳು ಓಡಾಡುವಾಗ ಆ ಬ್ಲೇಡ್ ಬಿಚ್ಚಿ ಬಿದ್ದಿರಬಾರದು. ಅದರ ಹರಿತ ಕತ್ತರಿಯಂತಲ್ಲ, ತಾಗಿದ ಮೇಲೆಯೇ ಗೊತ್ತಾಗುವುದು.

ಈಗ ಕತ್ತರಿಸಿಟ್ಟ 150 ಚೌಕಗಳನ್ನು ಏನು ಮಾಡುವುದು? ಎಸೆಯಬೇಡಿ. ಪ್ರತಿ ಚೌಕದಲ್ಲಿ ಇಂಚಿನ ಎಂಟನೇ ಒಂದು ಭಾಗ ಹೆಚ್ಚುಕಡಿಮೆಯಾದರೂ ಹತ್ತು ಚೌಕದ ಸಾಲಿನಲ್ಲಿ ಅದು ಒಂದೂಕಾಲು ಇಂಚಾಗಿ ನಿಲ್ಲುತ್ತದೆ. ನಿಮ್ಮ ಒಂದು ಸಾಲು ಉದ್ದವಾದದ್ದು ಹೀಗೆ. ನೀವು ಬಹುಶಃ ಆರೂವರೆ ಇಂಚಿಗೆ ಕತ್ತರಿಸಿದ್ದೀರಿ. ಎಲ್ಲವನ್ನೂ ಕಟರ್ ಮತ್ತು ಸ್ಕೇಲ್ ಇಟ್ಟು ಆರೂಕಾಲು ಇಂಚಿಗೆ ಇಳಿಸಿ. ಪ್ರತಿ ಬದಿಗೂ ಕಾಲಿಂಚಿನ ಹೊಲಿಗೆ ಅಂಚು ಬಿಟ್ಟರೆ ಒಂದೊಂದು ಚೌಕ ಐದೂಮುಕ್ಕಾಲು ಇಂಚು ಉಳಿಯುತ್ತದೆ. ಕೌದಿ 60 × 90ರ ಬದಲು ಐವತ್ತೇಳೂವರೆ ಇಂಚು ಅಗಲ, ಎಂಬತ್ತಾರು ಇಂಚಿಗೆ ಕೊಂಚ ಹೆಚ್ಚು ಉದ್ದ ಬರುತ್ತದೆ. ಅಮ್ಮನಿಗೆ ಆ ವ್ಯತ್ಯಾಸ ತಿಳಿಯುವುದೂ ಇಲ್ಲ. ಜೋಡಿಸಿದ ಎರಡು ಸಾಲುಗಳನ್ನು ಬಿಚ್ಚಲೇಬೇಕು, ಹದಿನೆಂಟು ಜೋಡಣೆ, ಒಂದು ಸಂಜೆಯ ಕೆಲಸ.

ಮಿಷನ್ ವಿಷಯಕ್ಕೆ ಬರೋಣ. ಎಡಗೈಯವರಿಗೆಂದೇ ಮಾಡಿದ ಮನೆಬಳಕೆಯ ಮಿಷನ್ನನ್ನು ಹುಡುಕುತ್ತಾ ಹೋಗಬೇಡಿ. ಈಗಿರುವ ಮಿಷನ್ನೇ ನಿಮಗೆ ಅಷ್ಟೇನೂ ಪ್ರತಿಕೂಲವಲ್ಲ. ತಿರುಗುವ ಚಕ್ರ ಬಲಕ್ಕಿದೆ ನಿಜ. ಆದರೆ ಬಟ್ಟೆ ಹರಡಿಕೊಳ್ಳುವುದು ಸೂಜಿಯ ಎಡಕ್ಕೆ, ಸೂಜಿಯ ಹತ್ತಿರ ಬಟ್ಟೆಗೆ ದಾರಿ ತೋರಿಸುವುದು ಎಡಗೈ. ಹಿಡಿ ತಿರುಗಿಸುವ ಹಳೆಯ ಕೈಮಿಷನ್ನಿನಲ್ಲಂತೂ ಬಲಗೈ ಬರೀ ಹಿಡಿ ತಿರುಗಿಸುತ್ತದೆ, ಬಟ್ಟೆಯ ಸೂಕ್ಷ್ಮ ಕೆಲಸವೆಲ್ಲ ಎಡಗೈಯದು. ನನ್ನ ವಿದ್ಯಾರ್ಥಿಗಳಲ್ಲಿ ಎಡಗೈಯವರು ಅದರ ಮೇಲೆ ನೇರ ಗೆರೆ ಹೊಲಿಯುವುದನ್ನು ಬೇಗ ಕಲಿಯುವುದನ್ನು ಕಂಡಿದ್ದೇನೆ. ಪೆಡಲ್ ಅಥವಾ ಮೋಟಾರು ಇದ್ದರೆ ಎರಡು ಕೈಯೂ ಬಿಡುವು.

ಹಾಗಾದರೆ ನೆರಿಗೆ ಬಿದ್ದದ್ದೇಕೆ? ಸೂಜಿಯ ಕೆಳಗೆ ಎದ್ದು ಇಳಿಯುವ ಉಕ್ಕಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಮಾತ್ರ ಹಿಂದಕ್ಕೆ ಎಳೆಯುತ್ತವೆ. ಮೇಲಿನ ಪದರವನ್ನು ಫುಟ್, ಅಂದರೆ ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ಪಾದ, ತಡೆಯುತ್ತಿರುತ್ತದೆ. ಒಂದೇ ಪದರವಾದರೆ ಇದು ಗೊತ್ತಾಗುವುದಿಲ್ಲ. ಮೂರು ಪದರವಾದರೆ ಒಂದೊಂದು ಒಂದೊಂದು ವೇಗದಲ್ಲಿ ಸರಿಯುತ್ತದೆ, ಎಲ್ಲೋ ಒಂದು ಕಡೆ ಉಳಿದ ಬಟ್ಟೆ ನೆರಿಗೆಯಾಗುತ್ತದೆ. ಬಲಗೈಯವರಿಗೂ ಹೀಗೇ ಆಗುತ್ತದೆ. ಇದಕ್ಕೆ ಎರಡು ಪರಿಹಾರ. ಮೊದಲನೆಯದು ಪದರಗಳನ್ನು ಬಿಗಿಯಾಗಿ ಕೂಡಿಸಿಕೊಳ್ಳುವುದು: ಹಿಂಬದಿಯ ಬಟ್ಟೆಯನ್ನು ನೆಲದ ಮೇಲೆ ಹಾಸಿ ನಾಲ್ಕೂ ಕಡೆ ಟೇಪ್ ಅಂಟಿಸಿ, ಮೇಲೆ ಒಳಪದರ, ಅದರ ಮೇಲೆ ಚೌಕಗಳ ಹೊದಿಕೆ ಹಾಸಿ, ನಡುವಿನಿಂದ ಹೊರಕ್ಕೆ ಅಂಗೈಯಗಲಕ್ಕೆ ಒಂದರಂತೆ ಸೇಫ್ಟಿ ಪಿನ್ ಹಾಕಿಕೊಂಡು ಹೋಗುವುದು. ಹಿಂಬದಿ ಬಟ್ಟೆ ನಾಲ್ಕೂ ಕಡೆ ಎರಡಿಂಚು ಹೆಚ್ಚಿರಲಿ. ಎರಡನೆಯದು ವಾಕಿಂಗ್ ಫುಟ್ ಎಂಬ ಜೋಡಣೆ. ಅದು ಮೇಲಿನ ಪದರವನ್ನೂ ಹಲ್ಲುಗಳ ಜೊತೆಜೊತೆಗೆ ಎಳೆಯುತ್ತದೆ. ನಿಮ್ಮ ಮಿಷನ್ನಿಗೆ ಹೊಂದುವಂಥದ್ದು ಸಿಕ್ಕರೆ ಹೊಸ ಮಿಷನ್ನಿಗಿಂತ ಬಹಳ ಕಡಿಮೆ ಬೆಲೆಗೆ ಆಗುತ್ತದೆ.

ಸೂಜಿ ಮುರಿದದ್ದು, ನನ್ನ ಅಂದಾಜಿನಲ್ಲಿ, ಬಟ್ಟೆಯನ್ನು ಹಿಂದಿನಿಂದ ಎಳೆದದ್ದರಿಂದ. ದಪ್ಪ ಪದರ ಮುಂದೆ ಹೋಗದಿದ್ದಾಗ ಕೈ ತಾನಾಗಿಯೇ ಹಿಂದೆ ಹೋಗಿ ಎಳೆಯುತ್ತದೆ. ಎಳೆದರೆ ಸೂಜಿ ಬಾಗುತ್ತದೆ, ಬಾಗಿದ ಸೂಜಿ ತೂತಿನೊಳಗೆ ಇಳಿಯದೆ ಲೋಹದ ತಟ್ಟೆಗೆ ಬಡಿಯುತ್ತದೆ. ಬಟ್ಟೆಯನ್ನು ಹಲ್ಲುಗಳಿಗೆ ಬಿಟ್ಟುಕೊಡಿ, ಕೈ ದಾರಿ ತೋರಿಸಿದರೆ ಸಾಕು. ಮೂರು ಪದರಕ್ಕೆ 14ನೇ ನಂಬರಿನ ಹೊಸ ಸೂಜಿ ಹಾಕಿ. ಗುಂಡುಪಿನ್ನುಗಳ ಮೇಲೆ ಹೊಲಿಗೆ ಓಡಿಸಬೇಡಿ. ಮುರಿದ ತುಂಡು ಮುಖಕ್ಕೆ ಹಾರುವುದುಂಟು.

ಕೈಹೊಲಿಗೆಯಲ್ಲಿ ದಾರ ಗಂಟಾಗುವುದಕ್ಕೆ ಕಾರಣವಿದೆ. ದಾರವನ್ನು ಒಂದು ದಿಕ್ಕಿಗೆ ಹೊಸೆದಿರುತ್ತಾರೆ. ಹೊಲಿಯುವಾಗ ಪ್ರತಿ ಹೊಲಿಗೆಗೂ ಸೂಜಿ ನಮ್ಮ ಬೆರಳ ನಡುವೆ ಕೂದಲೆಳೆಯಷ್ಟು ಉರುಳುತ್ತದೆ. ಎಡಗೈಯಲ್ಲಿ ಅದು ಉರುಳುವ ದಿಕ್ಕು ಬಲಗೈಯದಕ್ಕೆ ಎದುರು. ಹೀಗಾಗಿ ದಾರದ ಹುರಿ ಸಡಿಲವಾಗಿಯೋ ಬಿಗಿಯಾಗಿಯೋ ಕೊನೆಗೆ ಸುರುಳಿ ಸುತ್ತುತ್ತದೆ. ದಾರವನ್ನು ಒಂದೂವರೆ ಅಡಿಗಿಂತ ಉದ್ದ ತೆಗೆದುಕೊಳ್ಳಬೇಡಿ. ಪ್ರತಿ ಸಾಲಿನ ಕೊನೆಗೆ ಸೂಜಿಯನ್ನು ಕೈಬಿಟ್ಟು ನೇತಾಡಿಸಿ, ಅದು ತಾನೇ ಗಿರಗಿರನೆ ತಿರುಗಿ ಸುತ್ತು ಬಿಚ್ಚಿಕೊಳ್ಳುತ್ತದೆ. ರೀಲಿನಿಂದ ಬಂದ ತುದಿಯನ್ನು ಪೋಣಿಸುತ್ತಿದ್ದರೆ ಇನ್ನೊಂದು ತುದಿಯನ್ನು ಪೋಣಿಸಿ ನೋಡಿ. ಜೇನುಮೇಣದ ಮೇಲೆ ಒಮ್ಮೆ ದಾರ ಎಳೆದುಕೊಂಡರೆ ಇನ್ನೂ ಒಳ್ಳೆಯದು. ಸೂಜಿ ಆರಿಸುವಾಗ ನೆನಪಿಡಿ, ಮಿಷನ್ ಸೂಜಿಯಲ್ಲಿ ನಂಬರ್ ಹೆಚ್ಚಾದಷ್ಟು ಸೂಜಿ ದಪ್ಪ, ಕೈಸೂಜಿಯಲ್ಲಿ ನಂಬರ್ ಹೆಚ್ಚಾದಷ್ಟು ಸಣ್ಣ.

ಬಲಗೈಯವರು ಬಲದಿಂದ ಎಡಕ್ಕೆ ಹೊಲಿಯುತ್ತಾರೆ, ನೀವು ಎಡದಿಂದ ಬಲಕ್ಕೆ. ದೀಪ ನಿಮ್ಮ ಬಲಕ್ಕಿರಬೇಕು, ಇಲ್ಲದಿದ್ದರೆ ನಿಮ್ಮ ಕೈಯ ನೆರಳೇ ಹೊಲಿಗೆಯ ಮೇಲೆ ಬೀಳುತ್ತದೆ. ವಿಡಿಯೊ ನೋಡುವಾಗ ಮೊಬೈಲಿನಲ್ಲಿ ಚಿತ್ರವನ್ನು ಕನ್ನಡಿಯಂತೆ ಮಗುಚುವ ಸೌಲಭ್ಯ ಬಳಸಿ. ಯಾರಾದರೂ ಎದುರಿಗೇ ಕಲಿಸಿದರೆ ಪಕ್ಕದಲ್ಲಿ ಕೂರಬೇಡಿ, ಮುಖಾಮುಖಿ ಕೂತುಕೊಳ್ಳಿ. ಅವರ ಬಲಗೈ ನಿಮ್ಮ ಎಡಕ್ಕೆ ಬರುತ್ತದೆ, ನೋಡಿದ ಹಾಗೆಯೇ ಮಾಡಬಹುದು.

ನಮ್ಮ ನಾಡಿನದೇ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಯಲ್ಲಿ ಚೌಕಗಳನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಹಳೆಯ ಸೀರೆಯೊಂದನ್ನು ಹಾಸಿ, ಅಂಚಿನಿಂದ ಶುರುಮಾಡಿ, ತೇಪೆಗಳನ್ನು ಒಂದರ ಪಕ್ಕ ಒಂದು ಮಡಚಿ ಇಡುತ್ತಾ, ಸಾದಾ ಹೊಲಿಗೆಯಲ್ಲಿ ಸುತ್ತು ಬರುತ್ತಾ ನಡುವಿಗೆ ಮುಟ್ಟುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಪುಟ್ಟ ತ್ರಿಕೋನ ಬಟ್ಟೆಗಳನ್ನು ಕೂಡಿಸುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರೂ ಇದ್ದಾರೆ. ಕ್ರೈಸ್ತ ಮನೆಗಳ ಕವಂದಿಯಲ್ಲಿ ಶಿಲುಬೆಯ ಆಕಾರದ ತೇಪೆಗಳನ್ನು ಕಾಣಬಹುದು. ಎಡಗೈಯವರಿಗೆ ಈ ಪದ್ಧತಿ ಬಹಳ ಸಲೀಸು, ಏಕೆಂದರೆ ಬಲಗೈಯವರು ಸುತ್ತುವ ದಿಕ್ಕಿಗೆ ಎದುರು ದಿಕ್ಕಿನಲ್ಲಿ ಸುತ್ತಿದರೆ ಆಯಿತು, ಬೇರೇನೂ ಬದಲಿಸಬೇಕಿಲ್ಲ. ಕಾಲಿಂಚಿನ ಲೆಕ್ಕದ ಕಾಟವೂ ಇಲ್ಲ. ನಿಮ್ಮ ಈ ಕೌದಿಗೆ ಈಗ ಅದು ಒಗ್ಗುವುದಿಲ್ಲ, ಮುಂದಿನದಕ್ಕೆ ಮನಸ್ಸಿನಲ್ಲಿರಲಿ.

ದೊಡ್ಡಮ್ಮನ ಮಾತಿಗೆ ಉತ್ತರ ಕೊಡಬೇಕಲ್ಲವೇ. ಹೊಲಿಗೆ ಸಡಿಲವೋ ಬಿಗಿಯೋ ಎನ್ನುವುದು ದಾರವನ್ನು ಎಷ್ಟು ಎಳೆದಿರಿ ಎಂಬುದರ ಮೇಲಿದೆ. ಯಾವ ಕೈ ಎಳೆಯಿತು ಎಂಬುದರ ಮೇಲಲ್ಲ. ಸಾದಾ ಹೊಲಿಗೆಯ ಸಾಲೊಂದನ್ನು ತೋರಿಸಿ ಇದು ಯಾವ ಕೈಯದು ಎಂದು ಕೇಳಿದರೆ ನನಗೂ ಹೇಳಲಾಗುವುದಿಲ್ಲ. ವ್ಯತ್ಯಾಸ ಕಾಣುವುದು ಅಂಚು ಮಡಚಿ ಹೊಲಿಯುವ ಓರೆ ಹೊಲಿಗೆಯಲ್ಲಿ ಮಾತ್ರ, ಅಲ್ಲಿ ನಿಮ್ಮ ಓರೆ ಎದುರು ದಿಕ್ಕಿಗೆ ವಾಲುತ್ತದೆ. ಒಂದು ಅಂಚನ್ನು ಒಬ್ಬರೇ ಮುಗಿಸಿದರೆ ಅದೂ ಕಾಣುವುದಿಲ್ಲ. ಬಲಗೈಗೆ ಬದಲಾಯಿಸಿಕೊಳ್ಳುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಹರಿತವಾದ ಬ್ಲೇಡನ್ನು ಹಿಡಿತವಿಲ್ಲದ ಕೈಗೆ ಕೊಡುವುದು ಅಪಾಯ. ಎಡಗೈ ಅಶುಭವೆಂಬ ಭಾವನೆ ನಮ್ಮಲ್ಲಿ ಎಲ್ಲ ಧರ್ಮದ ಮನೆಗಳಲ್ಲೂ ಇದೆ. ಹಿರಿಯರೊಡನೆ ವಾದ ಬೇಡ. ಮುಗಿದ ಕೌದಿಯನ್ನು ಅವರ ಕೈಗೆ ಕೊಟ್ಟು ಹೊಲಿಗೆ ನೋಡಲು ಹೇಳಿ.

ನೀವು ಕೇಳದ ಒಂದು ಸಂಗತಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದೆ. ಕೆಂಪು ಬಟ್ಟೆಯನ್ನು ಮೊದಲೇ ಒಗೆದಿದ್ದೀರಾ? ಬಿಳಿಯ ಪಕ್ಕ ಕೆಂಪು ಕೂತಿರುವ ಕೌದಿ ಮೊದಲ ಒಗೆತದಲ್ಲೇ ಗುಲಾಬಿಯಾಗಬಹುದು. ಉಪ್ಪು ಅಥವಾ ವಿನೆಗರ್ ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಮನೆಮನೆಯಲ್ಲಿದೆ. ಹತ್ತಿಗೆ ಬಣ್ಣ ಹಾಕುವಾಗ ಉಪ್ಪು ಬಣ್ಣವನ್ನು ನೂಲಿಗೆ ಹಿಡಿಸಲು ನೆರವಾಗುವುದು ನಿಜ. ಆದರೆ ಬಣ್ಣ ಹಾಕಿ ಮಾರಿದ ಬಟ್ಟೆಯಲ್ಲಿ ಸಡಿಲವಾಗಿ ಉಳಿದ ಬಣ್ಣವನ್ನು ಅದು ಕಟ್ಟಿಹಾಕುವುದಿಲ್ಲ. ವಿನೆಗರ್ ಕೆಲಸಕ್ಕೆ ಬರುವುದು ಉಣ್ಣೆ, ರೇಷ್ಮೆಗೆ ಹಾಕುವ ಕೆಲವು ಬಣ್ಣಗಳಲ್ಲಿ, ಹತ್ತಿಯಲ್ಲಲ್ಲ. ಒಂದು ಕೆಂಪು ಚೌಕವನ್ನು ಬಿಸಿನೀರಿನಲ್ಲಿ ಅದ್ದಿ, ಬಿಳಿ ಕರವಸ್ತ್ರದ ನಡುವೆ ಇಟ್ಟು ಇಸ್ತ್ರಿ ಒತ್ತಿ. ಕರವಸ್ತ್ರಕ್ಕೆ ಬಣ್ಣ ಹತ್ತಿದರೆ ಕೆಂಪು ಚೌಕಗಳನ್ನೆಲ್ಲ ಬಲೆಯ ಚೀಲದಲ್ಲಿ ಹಾಕಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಜಾಲಿಸಿ. ಒಗೆಯದ ಹತ್ತಿಬಟ್ಟೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು. ಆದ್ದರಿಂದ ಒಗೆಯುವುದಾದರೆ ಕೆಂಪೊಂದನ್ನೇ ಅಲ್ಲ, ಮೂರೂ ಬಣ್ಣದವನ್ನು ಬೇರೆಬೇರೆಯಾಗಿ ಒಗೆದು, ಇಸ್ತ್ರಿ ಮಾಡಿ, ಆಮೇಲೆ ಅಳತೆಗೆ ಇಳಿಸಿ. ಕುಗ್ಗಿದ ಚೌಕ ಆರೂಕಾಲು ಇಂಚಿಗೆ ಸಾಲದೆ ಬಂದರೆ ಎಲ್ಲವನ್ನೂ ಆರಿಂಚಿಗೆ ತನ್ನಿ. ಎಷ್ಟು ಒಗೆದರೂ ಬಣ್ಣ ಬಿಡುವ ಬಟ್ಟೆ ಇದ್ದರೆ ಅದನ್ನು ಕೌದಿಗೆ ಹಾಕಬೇಡಿ, ಎಷ್ಟೇ ಚೆಂದವಿರಲಿ. ಜರಿಪುಡಿ ಅಂಟಿಸಿದ ಹಬ್ಬದ ಬಟ್ಟೆಯೂ ಬೇಡ; ಇಸ್ತ್ರಿಗೆ ಅಂಟುತ್ತದೆ, ಒಗೆದರೆ ಉದುರುತ್ತದೆ.

ಒಳಪದರಕ್ಕೆ ಏನು ತಂದಿದ್ದೀರೆಂದು ಬರೆದಿಲ್ಲ. ದಪ್ಪ ಪಾಲಿಯೆಸ್ಟರ್ ಹಾಳೆಯಾದರೆ ಅದನ್ನು ತೆಗೆದಿಡಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಅದು ಹಿತ, ಕರಾವಳಿಯ ಸೆಕೆಗೆ ಅಲ್ಲ. ಅಮ್ಮ ಅದನ್ನು ಮಡಚಿ ಕಪಾಟಿನಲ್ಲಿಡುತ್ತಾರೆ. ಹಳೆಯ ಹತ್ತಿ ಸೀರೆ ಹಾಕಿ. ಐದೂವರೆ ಮೀಟರ್ ಸೀರೆಯನ್ನು ಎರಡು ತುಂಡು ಮಾಡಿ ಅಕ್ಕಪಕ್ಕ ಜೋಡಿಸಿದರೆ ಇಷ್ಟು ದೊಡ್ಡ ಕೌದಿಗೆ ಒಂದು ಪೂರ್ತಿ ಪದರವಾಗಿ ಇನ್ನೂ ಉಳಿಯುತ್ತದೆ. ತೆಳು ಪದರದಲ್ಲಿ ಸೂಜಿ ಸಲೀಸಾಗಿ ಇಳಿಯುವುದರಿಂದ ನಿಮ್ಮ ಬೆರಳಿಗೂ ಅದು ಮೇಲು.

ಇನ್ನು ಸಮಯ. ಪದರಗಳನ್ನು ಕೂಡಿಸುವ ಹೊಲಿಗೆಯನ್ನು ಕೈಯಲ್ಲಿ, ಇಂಚಿಗೊಂದು ಸಾಲಿನಂತೆ ಹಾಕುವುದಾದರೆ ನಿಮ್ಮ ಮೂಲ ಅಳತೆಗೆ ಸುಮಾರು 135 ಮೀಟರ್ ಉದ್ದದ ಹೊಲಿಗೆಯಾಗುತ್ತದೆ. ಒಂದು ಸಾಲು ಹೊಲಿದು ಗಡಿಯಾರ ನೋಡಿಕೊಳ್ಳಿ, ಡಿಸೆಂಬರ್ 23ರೊಳಗೆ ಆಗದೆಂದು ನಿಮಗೇ ತಿಳಿಯುತ್ತದೆ. ನಿದ್ದೆಗೆಟ್ಟು ಮುಗಿಸಲು ಹೋದರೆ ಬೆರಳ ನೋವು ಮಣಿಕಟ್ಟಿಗೆ ಏರುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಚಾಚಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಹೊಲಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಹಬ್ಬ ಮುಗಿಯಲೆಂದು ಕಾಯಬೇಡಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ಒಂದು, ಅಳತೆ ಇಳಿಸುವುದು. ಆರು ಚೌಕ ಅಗಲ, ಆರು ಚೌಕ ಉದ್ದ, ಒಟ್ಟು 36 ಚೌಕಗಳ ಚಿಕ್ಕ ಹೊದಿಕೆ. ಎರಡಿಂಚಿಗೊಂದು ಸಾಲು ಹಾಕಿದರೆ ಹೊಲಿಗೆ ಹದಿನೈದು ಮೀಟರಿನ ಆಸುಪಾಸು. ಕೂತು ಪ್ರಾರ್ಥನೆ ಮಾಡುವಾಗ ತೊಡೆಯ ಮೇಲೆ ಹಾಕಿಕೊಳ್ಳಲು, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕೆಳಗೆ ಹಾಸಲು ಆಗುತ್ತದೆ. ಇದು ಖಂಡಿತ ಮುಗಿಯುತ್ತದೆ, ಆದರೆ ನೀವು ಕನಸಿದ ಕೌದಿ ಅದಲ್ಲ. ಇನ್ನೊಂದು, ಸಾಲು ಹೊಲಿಯದೆ ದಪ್ಪ ದಾರದಲ್ಲಿ ಗಂಟು ಹಾಕಿ ಪದರ ಕೂಡಿಸುವುದು. ಚೌಕಗಳು ಸೇರುವ ಒಳಮೂಲೆಗಳು 126, ಪ್ರತಿ ಚೌಕದ ನಡುಮಧ್ಯಕ್ಕೆ ಒಂದರಂತೆ 150, ಒಟ್ಟು 276 ಗಂಟು. ಒಂದು ವಾರದ ಸಂಜೆಗಳಲ್ಲಿ ಆದೀತು. ಆದರೆ ಗಂಟು ಹಾಕಿದ ಕೌದಿ ಸಾಲು ಹೊಲಿದದ್ದರಷ್ಟು ಒಗೆತ ತಾಳುವುದಿಲ್ಲ, ಗಂಟಿನ ಸುತ್ತ ಹಳೆಯ ಸೀರೆ ಹರಿಯತೊಡಗುತ್ತದೆ. ವಾಕಿಂಗ್ ಫುಟ್ ಸಿಕ್ಕರೆ ಮಿಷನ್ನಿನಲ್ಲಿ ಚೌಕದ ಜೋಡಣೆಗಳ ಗುಂಟ ನೇರ ಗೆರೆ ಹೊಲಿಯುವುದು ಮೂರನೆಯ ದಾರಿ. ಅಷ್ಟು ದೊಡ್ಡ ಕೌದಿಯನ್ನು ಸುರುಳಿ ಸುತ್ತಿ ಮಿಷನ್ನಿನ ತೋಳಿನ ಒಳಗೆ ತೂರಿಸುವುದು ಹೊಸಬರಿಗೆ ಕಷ್ಟ, ಭಾರಕ್ಕೆ ಬಟ್ಟೆ ಜಗ್ಗಿ ಮತ್ತೆ ನೆರಿಗೆ ಬಿದ್ದೀತು.

ನನ್ನನ್ನು ಕೇಳಿದರೆ ಇವು ಮೂರಕ್ಕಿಂತ ನಾಲ್ಕನೆಯದು ನಿಮಗೆ ಒಪ್ಪುತ್ತದೆ. ಚೌಕಗಳ ಹೊದಿಕೆಯನ್ನು ಪೂರ್ತಿ ಜೋಡಿಸಿ, ಪದರ ಕೂಡಿಸಿ, ಪಿನ್ ಹಾಕಿ, ನಡುವಿನ ಒಂದೆರಡು ಸಾಲು ನೀವೇ ಕೈಯಲ್ಲಿ ಹೊಲಿದು, ಹಾಗೆಯೇ ಊರಿಗೆ ಒಯ್ಯಿರಿ. ಕ್ರಿಸ್‌ಮಸ್ ರಾತ್ರಿ ಅಮ್ಮನಿಗೆ ಕೊಡಿ. ಉಳಿದದ್ದನ್ನು ರಜೆಯಲ್ಲಿ ಇಬ್ಬರೂ ಕೂತು ಹೊಲಿಯಿರಿ. ಹಬ್ಬದ ತಿಂಡಿ ಕುಸ್ವಾರ್ ಹಂಚಿ ಮುಗಿದ ಮೇಲೆ, ಜನವರಿ 6ರ ಮೂವರು ರಾಜರ ಹಬ್ಬದವರೆಗೂ ಕ್ರಿಸ್‌ಮಸ್ ಕಾಲವೇ ಅಲ್ಲವೇ.

ಇಲ್ಲಿ ನಿಮ್ಮ ಎಡಗೈಗೆ ಒಂದು ದೊಡ್ಡ ಅನುಕೂಲವಿದೆ. ಬಲಗೈಯವರಿಬ್ಬರು ಒಂದೇ ಅಂಚಿನ ಮುಂದೆ ಅಕ್ಕಪಕ್ಕ ಕೂತರೆ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುತ್ತದೆ, ಇಬ್ಬರೂ ಒಂದೇ ದಿಕ್ಕಿಗೆ ಹೋಗುವುದರಿಂದ ಒಬ್ಬರು ಇನ್ನೊಬ್ಬರಿಗಾಗಿ ಕಾಯಬೇಕಾಗುತ್ತದೆ. ನೀವು ಎಡತುದಿಯಲ್ಲಿ ಕೂತು ಬಲಕ್ಕೆ ಹೊಲಿಯಿರಿ. ಅಮ್ಮ ಬಲಗೈಯವರಾದರೆ ಬಲತುದಿಯಲ್ಲಿ ಕೂತು ಎಡಕ್ಕೆ ಹೊಲಿಯಲಿ. ನಿಮ್ಮ ಎಡ ಮೊಣಕೈ ಆಚೆಗೆ, ಅವರ ಬಲ ಮೊಣಕೈ ಈಚೆಗೆ, ಎರಡೂ ಬಯಲಿಗೆ. ಸಾಲಿನ ನಡುವೆ ಎರಡು ಸೂಜಿಗಳು ಸೇರಿದಾಗ ಇಬ್ಬರೂ ದಾರವನ್ನು ಒಳಪದರಕ್ಕೆ ಇಳಿಸಿ ಗಂಟು ಮುಚ್ಚಿ, ಮುಂದಿನ ಸಾಲಿಗೆ ಮತ್ತೆ ತುದಿಗಳಿಗೆ ಸರಿಯಿರಿ. ಇಬ್ಬರ ಹೊಲಿಗೆಯ ಉದ್ದ ಒಂದೇ ಇರಲೆಂದು ಮೊದಲೇ ಒಂದು ಚಿಂದಿಯ ಮೇಲೆ ಜೊತೆಯಾಗಿ ಹೊಲಿದು ನೋಡಿ. ಕೌದಿಗೆ ಇಂಚಿಗೆ ನಾಲ್ಕೈದು ಹೊಲಿಗೆ ಸಾಕು. ಸುತ್ತಲಿನ ಅಂಚುಪಟ್ಟಿಯ ಓರೆ ಹೊಲಿಗೆಯನ್ನು ಮಾತ್ರ ಇಬ್ಬರೂ ಹಂಚಿಕೊಳ್ಳಬೇಡಿ, ಒಬ್ಬರೇ ಪೂರ್ತಿ ಮುಗಿಸಿ.

ಊರಿಗೆ ಹೊರಡುವಾಗ ಕಟರನ್ನು ಮನೆಯಲ್ಲೇ ಬಿಡಿ, ಅಲ್ಲಿ ಅದರ ಕೆಲಸವಿಲ್ಲ. ಎಡಗೈ ಕತ್ತರಿಯನ್ನು ಒಯ್ಯಿರಿ. ಅದನ್ನು ಬೇರೆಯವರ ಕೈಗೆ ಕೊಡಬೇಡಿ. ನಿಮಗೆ ಇಷ್ಟು ದಿನ ಆದದ್ದೇ ಅವರಿಗೂ ಆಗುತ್ತದೆ, ಅಲಗುಗಳೂ ಸಡಿಲವಾಗುತ್ತವೆ. ಮುಂದೆಂದಾದರೂ ಸಾಣೆಗೆ ಕೊಟ್ಟರೆ ಅದು ಎಡಗೈ ಕತ್ತರಿ ಎಂದು ಮೊದಲೇ ಹೇಳಿ, ಅಲಗಿನ ಇಳಿಜಾರು ಎದುರು ಬದಿಗಿರುತ್ತದೆ ಎಂಬುದನ್ನು ತೋರಿಸಿಯೇ ಕೊಡಿ.